ಜಿರಳೆ ಹುಡುಕಿದ ಸುಮತಿ

ಆ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಮಗಳು ಯಾರ ಜೊತೆಗೋ ಓಡಿಹೋದಳು ಅಂದರೂ ಜನ ಬಂದು ಸಮಾಧಾನ ಹೇಳುತ್ತಿದ್ದರು. ಮಗಳು ಬಯಾಲಜಿ ತೆಗೆದುಕೊಂಡಳು ಅಂದರೆ ಮಾತ್ರ ಏನು ಹೇಳಬೇಕೋ ತಿಳಿಯದೆ ಕೈ ಹಿಸುಕಿಕೊಳ್ಳುತ್ತಿದ್ದರು. ನಾನು ಹೇಳುತ್ತಿರುವುದು ಎರಡು ಸಾವಿರದ ಆರು, ಏಳನೇ ಇಸವಿಯ ಮಾತು. ಗಚ್ಚಿಬೌಲಿಯಲ್ಲಿ ನಿನ್ನೆ ಬಂಡೆ ಇದ್ದ ಜಾಗದಲ್ಲಿ ಇವತ್ತು ಗಾಜಿನ ಕಟ್ಟಡ ಎದ್ದು, ಅದರೊಳಗೆ ನಾಳೆ ಯಾರ ಮಗನಿಗೋ ಕೆಲಸ ಸಿಗುತ್ತಿದ್ದ ಕಾಲ. ಹತ್ತನೇ ತರಗತಿ ಮುಗಿಸಿದ ಮಕ್ಕಳೆಲ್ಲ ಕುರಿಮಂದೆಯ ಹಾಗೆ ಎಂಪಿಸಿಗೆ ನುಗ್ಗುತ್ತಿದ್ದರು. ಎಂಪಿಸಿ ಅಂದರೆ ಲೆಕ್ಕದವರ ಇಂಟರ್‌ಮೀಡಿಯಟ್, ನಮ್ಮ ಕಡೆಯ ಪಿಯುಸಿ ಇದ್ದ ಹಾಗೆ. ಜೀವಶಾಸ್ತ್ರದವರದು ಬೈಪಿಸಿ. ಎಂಪಿಸಿಯವರು ದೇಶ ಕಟ್ಟುವವರು, ಬೈಪಿಸಿಯವರು ಲೆಕ್ಕ ಬಾರದವರು ಎಂದು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ತೀರ್ಮಾನವಾಗಿತ್ತು.

ಅಪಾರ್ಟ್‌ಮೆಂಟಿನ ಹೆಸರು ಸೈಬರ್ ಶಾಂತಿವನ. ಅಲ್ಲಿ ಶಾಂತಿಯೂ ಇರಲಿಲ್ಲ, ವನವೂ ಇರಲಿಲ್ಲ. ಕುಂಡದಲ್ಲಿ ನೆಟ್ಟ ಪಾಮ್ ಗಿಡಗಳಿದ್ದವು, ಅವಕ್ಕೂ ಮೇಂಟೆನೆನ್ಸ್ ಕೊಡುತ್ತಿದ್ದೆವು. ನಾನು ಕುಮುದಾ, ಉಡುಪಿಯ ಕಡೆಯವಳು. ಗಂಡನ ಕೆಲಸದ ಹಿಂದೆ ಹೈದರಾಬಾದಿಗೆ ಬಂದು, ಹಿಂದಿಯಲ್ಲಿ ತರಕಾರಿ ಕೊಂಡು, ತೆಲುಗಿನಲ್ಲಿ ಆಟೋದವನ ಹತ್ತಿರ ಜಗಳಾಡಿ, ಕನ್ನಡದಲ್ಲಿ ಮಾತಾಡಲು ಎದುರು ಮನೆಗೆ ಹೋಗುತ್ತಿದ್ದೆ. ಆ ಎದುರು ಮನೆಯವಳೇ ಸುಮತಿ.

ಸುಮತಿ ಮೈಸೂರಿನವಳು. ಅವಳ ಗಂಡ ಸೀತಾರಾಮ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ಅದು ಸಾಲದು ಅಂತ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ ಬೇರೆ. ಒಬ್ಬಳೇ ಮಗಳು ಮಧುರಾ. ಸುಮತಿಯ ಬಗ್ಗೆ ಹೇಳಬೇಕಾದ ಮೊದಲ ಸಂಗತಿ ಅಂದರೆ ಅವಳು ಪಿಯುಸಿಯಲ್ಲಿ ಕಪ್ಪೆ ಕೊಯ್ದವಳು. ಅವಳೇ ಹಾಗೆ ಪರಿಚಯ ಹೇಳಿಕೊಳ್ಳುತ್ತಿದ್ದಳು. ಮೈಸೂರಿನ ಕಾಲೇಜಿನ ಲ್ಯಾಬಿನಲ್ಲಿ ಮಿಕ್ಕ ಹುಡುಗಿಯರು ಸೆರಗು ಮೂಗಿಗೆ ಒತ್ತಿಕೊಂಡು ಕಿಟಕಿಯ ಹತ್ತಿರ ನಿಂತಿದ್ದಾಗ ಇವಳೊಬ್ಬಳೇ ಕಪ್ಪೆಯ ಹೃದಯ ಇನ್ನೂ ಬಡಿಯುತ್ತಿರುವ ಹಾಗೆ ತೆರೆದು ತೋರಿಸಿದ್ದಳಂತೆ. ಪರೀಕ್ಷೆಗೆ ಬಂದಿದ್ದ ಹೊರಗಿನ ಮೇಷ್ಟ್ರು ಕನ್ನಡಕ ತೆಗೆದು ನೋಡಿ, "ನೀನು ಮೆಡಿಕಲ್‌ಗೆ ಹೋಗಮ್ಮ" ಎಂದರಂತೆ. ಆ ವರ್ಷ ಮೇ ತಿಂಗಳಲ್ಲಿ ಅವಳ ಮದುವೆಯಾಯಿತು. ಜೂನ್‌ನಲ್ಲಿ ರಿಸಲ್ಟ್ ಬಂದಾಗ ಅವಳು ಅತ್ತೆಯ ಮನೆಯಲ್ಲಿ ದೋಸೆಗೆ ರುಬ್ಬುತ್ತಿದ್ದಳು.

ಹಾಗಾಗಿ ಮಧುರಾ ಬೈಪಿಸಿ ಬೇಕು ಅಂದಳೋ, ಸುಮತಿ ಅನ್ನಿಸಿದಳೋ, ಬ್ರಹ್ಮನಿಗೇ ಗೊತ್ತು. ಹುಡುಗಿಗೆ ಲೆಕ್ಕದಲ್ಲೂ ತೊಂಬತ್ತೆಂಟು ಬಂದಿತ್ತು. ಆದರೂ ಲಿಫ್ಟಿನಲ್ಲಿ ಹೆಂಗಸರು ಅವಳ ತಲೆ ಸವರಿ, "ಪರವಾಗಿಲ್ಲ ಬೇಟಾ, ಎಲ್ಲರಿಗೂ ಮ್ಯಾಥ್ಸ್ ಬರಲೇಬೇಕು ಅಂತೇನಿಲ್ಲ" ಎಂದು ಹಿಂದಿಯಲ್ಲಿ ಸಂತೈಸುತ್ತಿದ್ದರು. ಸೀತಾರಾಮನವರಂತೂ ಆಫೀಸಿನಲ್ಲಿ ಮಗಳ ವಿಷಯ ಯಾರಾದರೂ ಕೇಳಿದರೆ "ಇಂಟರ್ ಓದ್ತಿದಾಳೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತಾರಲ್ಲ, ಆ ದಾರಿ ತಮ್ಮ ಮನೆಯಿಂದಲೇ ಹೊರಟಿದ್ದು ಅವರಿಗೆ ನುಂಗಲಾರದ ತುತ್ತಾಗಿತ್ತು.

ಕಾಲೇಜಿನ ಕಥೆಯೇ ಬೇರೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ಮನೆಮನೆಗೆ ಫೋನ್ ಮಾಡಿ ಮಕ್ಕಳನ್ನು ಹಿಡಿಯುವ ಅವರ ಪಿಆರ್‌ಓ ನನಗೂ ಒಂದು ಸೀಟು ಕೊಟ್ಟಾನು. ನಮ್ಮ ಸುತ್ತಮುತ್ತ ಅವರ ಬ್ರಾಂಚುಗಳು ಬೇಕಾದಷ್ಟಿದ್ದವು, ಎಲ್ಲದರಲ್ಲೂ ಎಂಪಿಸಿಯೇ. ಬೈಪಿಸಿ ಬೇಕೆಂದರೆ ಊರಿನ ಆ ತುದಿಯ ದಿಲ್‌ಸುಖ್‌ನಗರಕ್ಕೆ ಹೋಗಬೇಕು. ಅಲ್ಲಿ ಒಂದು ಸೀರೆ ಅಂಗಡಿಯ ಮೇಲೆ ಮೂರನೇ ಮಹಡಿಯಲ್ಲಿ ಜೀವಶಾಸ್ತ್ರವನ್ನು ಇನ್ನೂ ಜೀವಂತ ಇಟ್ಟಿದ್ದರು. ಮಧುರಾ ಬೆಳಕು ಹರಿಯುವ ಮೊದಲೇ ಕಾಲೇಜ್ ಬಸ್ಸು ಹತ್ತಿ, ಹೋಗುವಾಗಲೂ ನಿದ್ದೆ ಮಾಡಿ ಬರುವಾಗಲೂ ನಿದ್ದೆ ಮಾಡಿ, ನಡುವೆ ಎಂಸೆಟ್ ಪರೀಕ್ಷೆಗೆ, ಅಂದರೆ ನಮ್ಮ ಕಡೆಯ ಸಿಇಟಿಗೆ, ತಯಾರಾಗುತ್ತಿದ್ದಳು. ಭಾನುವಾರವೂ ಬಿಡುವಿಲ್ಲ, ಅದಕ್ಕೆ ಸ್ಟಡಿ ಅವರ್ ಎಂದು ಹೆಸರು. ಸಸ್ಯಗಳ ಬಗ್ಗೆ ಎರಡು ವರ್ಷ ಓದಿದ ಆ ಮಕ್ಕಳು ಕಾಲೇಜಿನಲ್ಲಿ ಕಂಡ ಏಕೈಕ ಗಿಡ ಪ್ರಿನ್ಸಿಪಾಲರ ಮೇಜಿನ ಮೇಲಿತ್ತು. ಅದೂ ಪ್ಲಾಸ್ಟಿಕ್ಕಿನದು.

ಹಾಗಾದರೆ ಮನೆಯಲ್ಲಿ ಓದುತ್ತಿದ್ದವರು ಯಾರು? ಸುಮತಿ. ಭಾನುವಾರ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಹಾಸಿಕೊಂಡು ಕೂರುತ್ತಾರಲ್ಲ, ಅಲ್ಲಿಗೆ ನನ್ನನ್ನೂ ಎಳೆದುಕೊಂಡು ಹೋಗಿ, ದಿಂಬಿನಷ್ಟು ದಪ್ಪದ ಜೂವಾಲಜಿ ಪುಸ್ತಕ ಚೌಕಾಸಿ ಮಾಡಿ ತಂದಳು. ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನು ಸಾಂಬಾರ ಡಬ್ಬಕ್ಕೆ ಒರಗಿಸಿಟ್ಟು ಒಂದು ಕೈಯಲ್ಲಿ ಒಗ್ಗರಣೆ, ಇನ್ನೊಂದರಲ್ಲಿ ಪುಟ. ಮಗಳು ತೂಕಡಿಸುತ್ತ ಊಟಕ್ಕೆ ಕೂತರೆ, "ಮೂತ್ರಪಿಂಡದ ಕೆಲಸ ಜಿರಳೆಯಲ್ಲಿ ಯಾವುದು ಮಾಡತ್ತೆ? ಹೇಳಿ ಆಮೇಲೆ ಮೊಸರು ಹಾಕ್ಕೋ" ಎನ್ನುವಳು. ಹುಡುಗಿ ಉತ್ತರ ಹೇಳದಿದ್ದರೆ ತಾನೇ ಹೇಳಿ ತಾನೇ ಮಾರ್ಕ್ಸ್ ಕೊಟ್ಟುಕೊಳ್ಳುವಳು. ನನಗೆ ನಗು ಬರುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ, ಹೈದರಾಬಾದಿಗೆ ಬಂದ ಮೇಲೆ ಅವಳ ಮುಖ ಅಷ್ಟು ಕಳೆಯಾಗಿ ಇದ್ದದ್ದನ್ನು ನಾನು ಆ ವರ್ಷವೇ ನೋಡಿದ್ದು.

ಈ ಪಾಠಗಳನ್ನೆಲ್ಲ ತಪ್ಪದೆ ಕೇಳುತ್ತಿದ್ದವಳು ಇನ್ನೊಬ್ಬಳಿದ್ದಳು, ಬಂಡೆಮ್ಮ. ಯಾದಗಿರಿ ಕಡೆಯವಳು, ಸುಮತಿಯ ಮನೆಯಲ್ಲೂ ನಮ್ಮ ಮನೆಯಲ್ಲೂ ಪಾತ್ರೆ ಬಟ್ಟೆ ಕೆಲಸ. ಗಂಡ ಬೂದೆಪ್ಪನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ನಮ್ಮ ಅಪಾರ್ಟ್‌ಮೆಂಟಿಗೇ ಕಾಂಕ್ರೀಟು ಹೊತ್ತು, ಸೊಂಟ ಬಿದ್ದುಹೋದ ಮೇಲೆ ಮನೆಗೆಲಸಕ್ಕೆ ಇಳಿದವಳು. ಡಾಕ್ಟರು ಇನ್ನು ತಲೆಯ ಮೇಲೆ ಭಾರ ಹೊತ್ತರೆ ಹಾಸಿಗೆಯೇ ಗತಿ ಎಂದಿದ್ದರು. ಆದ್ದರಿಂದ ಅವಳ ಪಾಲಿಗೆ ಸಂಘದವರು ಕೊಟ್ಟ ಗೇಟ್ ಪಾಸು ಅಂದರೆ ಅನ್ನ. ಫೋಟೋ ಅಂಟಿಸಿದ ಆ ಕಾರ್ಡನ್ನು ದಾರ ಕಟ್ಟಿ ತಾಳಿಯ ಜೊತೆಗೇ ಕೊರಳಿಗೆ ಹಾಕಿಕೊಂಡಿದ್ದಳು. ಗೇಟಿನ ಆಚೆ ಎರಡನೇ ಹಂತದ ಕಟ್ಟಡ ಏಳುತ್ತಿತ್ತು, ಅದರ ಬುಡದ ತಗಡಿನ ಶೆಡ್ಡಿನಲ್ಲಿ ಅವರ ಸಂಸಾರ.

"ನಮ್ಮ ಪಾಪು ಡಾಕ್ಟರ್ ಆಗ್ಲಿ ತಡೀರಿ ಅಕ್ಕೋರೆ, ಮೊದಲಿಗಿ ನನ್ನ ಸೊಂಟಾನೇ ತೋರಸ್ತೀನಿ" ಎನ್ನುತ್ತಿದ್ದಳು ಬಂಡೆಮ್ಮ. ಮಧುರಾಳನ್ನು ಅವಳು ಪಾಪು ಎಂದೇ ಕರೆಯುತ್ತಿದ್ದದ್ದು. ಎಂಸೆಟ್ ರ‍್ಯಾಂಕು, ಸೀಟು, ಕೌನ್ಸೆಲಿಂಗು ಒಂದೂ ಅವಳಿಗೆ ಗೊತ್ತಿಲ್ಲ. ಓದುವ ಹುಡುಗಿ ಡಾಕ್ಟರಾಗುತ್ತಾಳೆ, ಅಷ್ಟೇ.

ಎರಡನೇ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಫೆಬ್ರವರಿಯಲ್ಲಿ. ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ಸುಮತಿಗೆ ಜ್ವರ ಬಂದಂತಾಯಿತು. ಜೂವಾಲಜಿಯಲ್ಲಿ ಜಿರಳೆಯ ಜೀರ್ಣಾಂಗ ಕೊಯ್ದು ತೋರಿಸಬೇಕು. ಕಾಲೇಜಿನಲ್ಲಿ ಎಷ್ಟು ಸಲ ಮಾಡಿಸಿದ್ದಾರೆ ಎಂದು ಮಗಳನ್ನು ಕೇಳಿದಳು. ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ಒಂದು ಸಲಾನೂ ಇಲ್ಲಮ್ಮ. ನಮ್ಮ ಕಾಲೇಜಲ್ಲಿ ಯಾರೂ ಕಟ್ ಮಾಡಲ್ಲ. ಎಕ್ಸ್‌ಟರ್ನಲ್ ಬರ್ತಾರೆ, ಬಿರಿಯಾನಿ ತಿಂತಾರೆ, ಎಲ್ಲರಿಗೂ ಮೂವತ್ತಕ್ಕೆ ಮೂವತ್ತು ಹಾಕಿ ಹೋಗ್ತಾರೆ. ಸೀನಿಯರ್ಸ್ ಎಲ್ಲಾ ಹಾಗೇ ಹೇಳಿದ್ದು."

"ಸೀನಿಯರ್ಸ್ ಹೇಳ್ತಾರೆ. ಓದದೆ ಇರೋರು ಹಬ್ಬಿಸೋ ಮಾತು ಅವೆಲ್ಲ. ಪ್ರಾಕ್ಟಿಕಲ್ ಅಂದ್ರೆ ಪ್ರಾಕ್ಟಿಕಲ್ಲು. ನಮ್ಮ ಎಕ್ಸ್‌ಟರ್ನಲ್ ಒಬ್ಬಳ ಟ್ರೇ ನೋಡಿ, ಇದೇನಮ್ಮ ಚಟ್ನೀನಾ ಅಂದಿದ್ರು. ಅವಳು ಅಳ್ತಾ ಹೊರಗೆ ಹೋದ್ಲು."

"ಅದು ಮೈಸೂರು ಅಮ್ಮ."

"ಜಿರಳೆಗೆ ಮೈಸೂರೇನು, ಹೈದರಾಬಾದೇನು?" ಎಂದಳು ಸುಮತಿ. ಅಲ್ಲಿಗೆ ವಾದ ಮುಗಿಯಿತು.

ಈಗ ಜಿರಳೆ ಬೇಕು. ಸೈಬರ್ ಶಾಂತಿವನದಲ್ಲಿ ಈಜುಕೊಳ ಇತ್ತು, ಜಿಮ್ ಇತ್ತು, ಯಾರೂ ಹೋಗದ ಲೈಬ್ರರಿ ಇತ್ತು. ಜಿರಳೆ ಮಾತ್ರ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಮೂಗಿಗೆ ಬಟ್ಟೆ ಕಟ್ಟಿಕೊಂಡವರು ಬಂದು ಮನೆಮನೆಗೂ ಔಷಧಿ ಹೊಡೆಯುತ್ತಿದ್ದರು. ಆ ಗುತ್ತಿಗೆಯ ಚೆಕ್ಕಿಗೆ ಸಹಿ ಹಾಕುತ್ತಿದ್ದವರು ಖಜಾಂಚಿ ಸೀತಾರಾಮನವರೇ. ಅವರ ಹೆಂಡತಿ ಟಾರ್ಚು ಹಿಡಿದು ಸಿಂಕಿನ ಅಡಿ, ಬಚ್ಚಲಿನ ಮೂಲೆ, ಗ್ಯಾಸ್ ಸಿಲಿಂಡರಿನ ಹಿಂದೆ ಬಗ್ಗಿ ಬಗ್ಗಿ ಹುಡುಕಿದಳು. ಕೊನೆಗೆ ನಮ್ಮ ಮನೆಗೆ ಬಂದು ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದಳು.

"ಏನ್ರೀ ಕುಮುದಾ, ನಿಮ್ಮನೇಲಿ ಜಿರಳೆ ಇದ್ಯಾ?"

ನನಗೆ ಮೈಯೆಲ್ಲ ಉರಿದುಹೋಯಿತು. ದಿನಾ ಎರಡು ಹೊತ್ತು ಒಲೆಯ ಕಟ್ಟೆ ತಿಕ್ಕಿ ತೊಳೆಯುವ ಹೆಂಗಸನ್ನು ಕೇಳುವ ಪ್ರಶ್ನೆಯೇ ಇದು?

"ಇಲ್ಲ. ಇದ್ದರೆ ನಿಮ್ಮನೆಯಿಂದಲೇ ಬಂದಿರಬೇಕು" ಎಂದೆ.

"ಕೋಪ ಮಾಡ್ಕೋಬೇಡ್ರೀ. ಒಂದೇ ಒಂದಾದ್ರೂ ಸಿಕ್ಕಿದ್ರೆ ಹೇಳಿ, ಹೊಡೆದು ಸಾಯಿಸಬೇಡಿ, ಜಜ್ಜಿಹೋಗತ್ತೆ" ಎಂದು ಬೇಡಿಕೊಂಡು ಹೋದಳು. ಲಕ್ಷಗಟ್ಟಲೆ ಕೊಟ್ಟು ಕೊಂಡ ಮನೆಯಲ್ಲಿ ಒಂದು ಹುಳಕ್ಕೆ ಗತಿಯಿಲ್ಲದ ಬಡತನ ನೋಡಿ ನನಗೆ ಸಿಟ್ಟು ಇಳಿದು ನಗು ಬಂತು.

ಕೊನೆಗೆ ಕೈ ಹಿಡಿದವಳು ಬಂಡೆಮ್ಮ. "ಜಿರ್ಲಿ ಬೇಕೇನ್ರಿ? ಅದಕ್ಯಾಕ ಇಷ್ಟು ಒದ್ದಾಡ್ತೀರಿ? ನಮ್ಮ ಶೆಡ್ಡಿನ್ಯಾಗ ದಂಡಿ ಅದಾವ್ರಿ. ರೊಟ್ಟಿ ಬುಟ್ಟಿ ತೆಗದ್ರ ಸಾಕು, ಅವೇ ಮೈಮ್ಯಾಲ ಬರ್ತಾವ" ಎಂದಳು.

ಮರುದಿನವೇ ಹಾರ್ಲಿಕ್ಸ್ ಬಾಟಲಿಯಲ್ಲಿ ಗಾಳಿಯಾಡಲು ಮುಚ್ಚಳಕ್ಕೆ ತೂತು ಮಾಡಿ, ಹಳೆ ಬಟ್ಟೆ ಸುತ್ತಿ, ಕಂದು ಬಣ್ಣದ ಜಿರಳೆಗಳು ಲಿಫ್ಟಿನಲ್ಲಿ ಏರಿ ಬಂದವು. ಸುಮತಿ ಅವಳ ಕೈ ಹಿಡಿದು, "ಬಂಡೆಮ್ಮ, ಇದು ಯಾರಿಗೂ ಗೊತ್ತಾಗಬಾರದು. ಯಜಮಾನರಿಗೂ ಹೇಳಬೇಡ. ದೇವರಾಣೆ" ಎಂದು ಮಾತು ತೆಗೆದುಕೊಂಡಳು. ಬಂಡೆಮ್ಮ ಕೊರಳಿನ ತಾಳಿ ಮುಟ್ಟಿ ಆಯಿತೆಂದಳು.

ಮದುವೆಗೆ ಉಡುಗೊರೆ ಬಂದಿದ್ದ ಸ್ಟೀಲ್ ತಟ್ಟೆಯಲ್ಲಿ ಮೇಣದಬತ್ತಿ ಕರಗಿಸಿ ಹೊಯ್ದು ಟ್ರೇ ತಯಾರಾಯಿತು. ಸೀರೆಗೆ ಚುಚ್ಚುವ ಪಿನ್ನುಗಳು, ಉಗುರು ಕತ್ತರಿಸುವ ಸಣ್ಣ ಕತ್ತರಿ, ನೀರು. ಕ್ಲೋರೋಫಾರ್ಮ್ ಎಲ್ಲಿಂದ ತರುವುದು? ಬಾಟಲಿ ಫ್ರೀಜರಿನಲ್ಲಿ ಹಸಿಬಟಾಣಿಯ ಪಕ್ಕ ಮಲಗಿತು. ಮೊದಲ ಜಿರಳೆ ಪಲ್ಯವಾಯಿತು. ಎರಡನೆಯದರಲ್ಲಿ ಮಧುರಾ ಬೆನ್ನಿನ ಚಿಪ್ಪಿನ ಅಂಚನ್ನು ಸರಿಯಾಗಿ ಕತ್ತರಿಸಿದಳು, ಕರುಳು ತುಂಡಾಯಿತು. ಎಷ್ಟನೆಯದೋ ಸರದಿಯಲ್ಲಿ ನಾನೂ ಕುತೂಹಲಕ್ಕೆ ಹೋಗಿ ನಿಂತಿದ್ದೆ. ತೂಕಡಿಸುತ್ತಿದ್ದ ಆ ಹುಡುಗಿಯ ಕಣ್ಣು ಅವತ್ತು ಪೂರಾ ತೆರೆದಿತ್ತು. ಬಿಳಿ ಕೊಬ್ಬನ್ನು ಬ್ರಷ್ಷಿನಿಂದ ಮೆಲ್ಲಗೆ ಸರಿಸಿದಳು, ಸೂಜಿಯಿಂದ ಎತ್ತಿದಳು, ನೀರಿನಲ್ಲಿ ಇಡೀ ಜೀರ್ಣನಾಳ ಬಿಚ್ಚಿಕೊಂಡು ತೇಲಿತು. ಅನ್ನ ತುಂಬಿಕೊಳ್ಳುವ ಚೀಲ, ಅದರಾಚೆ ಅರೆಯುವ ಗಂಟು, ಸಣ್ಣ ಸಣ್ಣ ಬೆರಳುಗಳು, ಹಳದಿ ನೂಲಿನ ಎಳೆಗಳು.

"ಅಮ್ಮ, ಎಲ್ಲಾ ಇದೆ! ಪುಸ್ತಕದಲ್ಲಿರೋದೆಲ್ಲಾ ನಿಜವಾಗ್ಲೂ ಒಳಗೆ ಇದೆ!" ಎಂದು ಮಧುರಾ ಕೂಗಿದಳು. ಎರಡು ವರ್ಷ ಬಯಾಲಜಿ ಓದಿದ ಮೇಲೆ ಹುಡುಗಿಗೆ ಆ ಅನುಮಾನ ಅವತ್ತು ಪರಿಹಾರವಾಯಿತು. ಸುಮತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪಾತ್ರೆ ತೊಳೆಯುವುದು ಬಿಟ್ಟು ಬಂದ ಬಂಡೆಮ್ಮ ಬಗ್ಗಿ ನೋಡಿ, "ಇಷ್ಟ ಸಣ್ಣ ಹೊಟ್ಟ್ಯಾಗ ಇಷ್ಟೆಲ್ಲ ಐತೇನ್ರಿ? ಪಾಪ, ಇದಕ್ಕೂ ಹೊಟ್ಟೀ ಚಿಂತಿನೇ ಬಿಡ್ರಿ" ಎಂದಳು. ನಾವೆಲ್ಲ ನಕ್ಕೆವು. ಅಂಥ ಖುಷಿಯ ಸಂಜೆ ಆ ಮನೆಯಲ್ಲಿ ನಾನು ಬೇರೆ ನೋಡಿಲ್ಲ.

ಆಮೇಲೆ ದಿನ ಬಿಟ್ಟು ದಿನ ಬಾಟಲಿ ಬಂತು. ಯಾರೂ ತಡೆಯಲಿಲ್ಲ. ಯಾಕೆಂದರೆ ನಮ್ಮ ಗೇಟಿನಲ್ಲಿ ಕೆಲಸದವರ ಚೀಲವನ್ನು ಒಳಗೆ ಬರುವಾಗ ನೋಡುತ್ತಿರಲಿಲ್ಲ, ಹೊರಗೆ ಹೋಗುವಾಗ ನೋಡುತ್ತಿದ್ದರು. ಅವರು ಏನು ತಂದರೂ ನಮಗೆ ಚಿಂತೆಯಿಲ್ಲ, ಏನು ಒಯ್ಯುತ್ತಾರೆ ಎನ್ನುವುದೇ ಚಿಂತೆ. ಇಂಥ ಘನವಾದ ನಿಯಮ ಮಾಡಿದವರು ನಮ್ಮ ಸಂಘದ ಸೆಕ್ರೆಟರಿ ವಿಠಲರಾವ್. ನಾಂದೇಡಿನ ಕಡೆಯವರು, ಎರಡು ಕಂಪನಿ ಬಿಟ್ಟು ಮೂರನೆಯದರಲ್ಲಿ ವೈಸ್ ಪ್ರೆಸಿಡೆಂಟ್ ಆಗಿದ್ದರು. ಪಾರ್ಕಿಂಗಿನಲ್ಲಿ ನಾಯಿ ಮಲಗಿದರೂ ಇಮೇಲ್ ಕಳಿಸುವ ಮನುಷ್ಯ.

ಪ್ರಾಕ್ಟಿಕಲ್ಲಿಗೆ ಇನ್ನೊಂದು ವಾರವಿದ್ದಾಗ ಒಂದು ಸಂಜೆ ಮಧುರಾ ಬರುವುದು ತಡವಾಯಿತು. ಅವತ್ತು ಸೀತಾರಾಮ ಬೇಗ ಬರುವವರಿದ್ದರು. ಗಾಬರಿಯಾದ ಸುಮತಿ, "ಬಂಡೆಮ್ಮ, ಇವತ್ತು ಬೇಡ, ವಾಪಸ್ ತಗೊಂಡು ಹೋಗು, ನಾಳೆ ತಾ" ಎಂದು ಬಾಟಲಿ ಕೊಟ್ಟು ಕಳಿಸಿದಳು. ಗೇಟಿನಲ್ಲಿ ಗಾರ್ಡು ಚೀಲ ನೋಡಿದ. ಬಟ್ಟೆ ಸುತ್ತಿದ ಬಾಟಲಿ! ಒಳಗೆ ಏನೋ ಕದ್ದಿದ್ದಾಳೆ ಎಂದು ಅವನಿಗೆ ಖಾತ್ರಿ.

"ಕ್ಯಾ ಹೈ ಇಸ್ಮೆ?"

"ಏನಿಲ್ಲ ಭೈಯಾ, ತೆಗೀಬ್ಯಾಡ" ಎಂದಳಂತೆ ಬಂಡೆಮ್ಮ. ತೆಗೆಯಬೇಡ ಅಂದ ಮೇಲೆ ಯಾವ ಗಾರ್ಡು ಸುಮ್ಮನಿರುತ್ತಾನೆ? ತೆಗೆದ. ಜಿರಳೆಗಳು ಅವನ ತೋಳು ಹತ್ತಿ, ಮೇಜು ಇಳಿದು, ಗೇಟಿಗೆ ಅಂಟಿಕೊಂಡೇ ಇದ್ದ ಲಾಬಿಯ ಪಳಪಳ ಹೊಳೆಯುವ ಗ್ರಾನೈಟಿನ ಮೇಲೆ ಹರಿದವು. ವಾಕಿಂಗ್ ಮುಗಿಸಿ ಬರುತ್ತಿದ್ದ ಸೆಕ್ರೆಟರಿಯ ಹೆಂಡತಿ ಸೋಫಾ ಹತ್ತಿ ನಿಂತು ಕಿರುಚಿದ್ದು ನಮಗೆ ನಾಲ್ಕನೇ ಮಹಡಿಗೆ ಕೇಳಿಸಿತು.

ನಾವು ಇಳಿದು ಹೋಗುವಷ್ಟರಲ್ಲಿ ವಿಚಾರಣೆ ನಡೆದಿತ್ತು. ಎಲ್ಲಿಂದ ತಂದೆ, ಯಾಕೆ ತಂದೆ, ಯಾವ ಮನೆಗೆ? ಬಂಡೆಮ್ಮ ಸುಮತಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಯಾರ ಮನೀಗೂ ಅಲ್ರಿ, ನನ್ನವೇ ಅದಾವ. ಮದ್ದಿಗಿ ಬೇಕಾಗಿದ್ವು" ಎಂದಳು. ಸುಮತಿ ಬಾಯಿ ತೆರೆದಳು. ಅಷ್ಟರಲ್ಲಿ ಗೇಟಿನೊಳಗೆ ಬಂದ ಸೀತಾರಾಮನವರ ಕಾರು ಕಂಡು ಮುಚ್ಚಿದಳು. ವಿಠಲರಾವ್ ಬಂಡೆಮ್ಮನ ಕೊರಳಿನಿಂದ ಪಾಸು ತೆಗೆಸಿಕೊಂಡು, ಭಾನುವಾರ ಸಭೆಯಲ್ಲಿ ತೀರ್ಮಾನ ಎಂದರು.

ರಾತ್ರಿಗೆ ಮುಂಚೆ ಸುಮತಿ ಗಂಡನಿಗೆ ಎಲ್ಲ ಹೇಳಿದಳು. ಸೀತಾರಾಮನವರು ಮೊದಲು ಫ್ರೀಜರಿನ ಬಟಾಣಿ ಎಸೆದರು. ಆಮೇಲೆ, "ನಾನು ಕಮಿಟಿಯಲ್ಲಿದ್ದೀನಿ. ನನ್ನ ಮನೆಗೇ ಜಿರಳೆ ತರಿಸಿದ್ದು ಅಂದ್ರೆ ಮುಖ ಎಲ್ಲಿಟ್ಕೊಳ್ಲಿ? ಬಾಯಿ ಮುಚ್ಕೊಂಡಿರು. ಅವಳಿಗೆ ಬೇರೆ ಕಡೆ ಕೆಲಸ ಸಿಗತ್ತೆ" ಎಂದರಂತೆ. ಸಿಗುವುದಿಲ್ಲ ಎಂದು ಸುಮತಿಗೂ ಗೊತ್ತಿತ್ತು. ಒಂದು ಗೇಟಿನಲ್ಲಿ ಪಾಸು ಕಿತ್ತುಕೊಂಡವಳನ್ನು ಪಕ್ಕದ ಗೇಟಿನವರು ಸೇರಿಸುವುದಿಲ್ಲ, ಗಾರ್ಡುಗಳೆಲ್ಲ ಒಂದೇ ಏಜೆನ್ಸಿಯವರು. ಉಳಿಯುವುದು ಕಾಂಕ್ರೀಟಿನ ಬುಟ್ಟಿ ಮಾತ್ರ.

ಭಾನುವಾರ ಕ್ಲಬ್ ಹೌಸ್ ಎಂದೂ ಇಲ್ಲದಷ್ಟು ತುಂಬಿತ್ತು. ನೀರಿನ ಸಮಸ್ಯೆಗೆ ಬಾರದವರೂ ಜಿರಳೆಗೆ ಬಂದಿದ್ದರು. ವಿಠಲರಾವ್ ಪ್ರೊಜೆಕ್ಟರ್ ಹಾಕಿ, ಗ್ರಾನೈಟಿನ ಮೇಲೆ ಸತ್ತು ಬಿದ್ದ ಜಿರಳೆಯ ಫೋಟೋವನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದರು. ಆಸ್ತಿಯ ಬೆಲೆ ಬೀಳುವ ಸಂಭವದ ಬಗ್ಗೆ ಒಬ್ಬರು ಇಂಗ್ಲಿಷಿನಲ್ಲಿ ಮಾತಾಡಿದರು. ಇನ್ನೊಬ್ಬರು ಇದು ಎದುರಿನ ಬಿಲ್ಡರ್‌ನ ಸಂಚು ಇರಬಹುದು ಎಂದರು. ಇಲಿ ಅಂದರೆ ಹುಲಿ ಅನ್ನುವವರನ್ನು ನೋಡಿದ್ದೆ, ಜಿರಳೆಯನ್ನು ಭಯೋತ್ಪಾದಕ ಮಾಡಿದವರನ್ನು ಅಲ್ಲೇ ನೋಡಿದ್ದು.

ಆಗ ಸುಮತಿ ಎದ್ದು ನಿಂತಳು. ಸೀತಾರಾಮ ಸೆರಗು ಹಿಡಿದು ಎಳೆದದ್ದನ್ನು ನಾನು ಕಣ್ಣಾರೆ ಕಂಡೆ. ಅವಳು ಬಿಡಿಸಿಕೊಂಡಳು. ಇಂಗ್ಲಿಷು ತಡವರಿಸುತ್ತಿತ್ತು. ಜಿರಳೆ ತರಿಸಿದ್ದು ನಾನು, ಮಗಳ ಡಿಸೆಕ್ಷನ್‌ಗೆ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದ್ದೂ ನಾನೇ, ಬಂಡೆಮ್ಮನದು ಏನೂ ತಪ್ಪಿಲ್ಲ, ಪಾಸು ವಾಪಸ್ ಕೊಡಿ, ದಂಡ ಹಾಕುವುದಾದರೆ ನನಗೆ ಹಾಕಿ ಎಂದಳು. ಮೈಸೂರಿನ ಲ್ಯಾಬಿನಲ್ಲಿ ಕಪ್ಪೆಯ ಮುಂದೆ ನಿಂತಿದ್ದ ಹುಡುಗಿ ಹೇಗಿದ್ದಿರಬಹುದು ಎಂದು ನನಗೆ ಆಗ ತಿಳಿಯಿತು. ನನಗೆ ಅವಳ ಬಗ್ಗೆ ಬಹಳ ಹೆಮ್ಮೆಯೆನಿಸಿತು.

ಆಮೇಲೆ ಏನಾಯಿತು ಗೊತ್ತೆ? ಚಪ್ಪಾಳೆ! ಎಂಥ ತಾಯಿ, ಎಂಥ ಡೆಡಿಕೇಷನ್ ಎಂದು ಹೆಂಗಸರು ಹೊಗಳಿದರು. ವಿಠಲರಾವ್ ತಾವೇ ಎದ್ದು ಕೈ ಮುಗಿದು, "ಮೇಡಂ, ಎಜುಕೇಷನ್ ಪರ್ಪಸ್ ಅಂದ ಮೇಲೆ ನಮ್ಮದೇನೂ ತಕರಾರಿಲ್ಲ. ಮೊದಲೇ ಹೇಳಿದ್ದರೆ ಪೆಸ್ಟ್ ಕಂಟ್ರೋಲ್‌ನವರ ಹತ್ತಿರವೇ ತರಿಸಿಕೊಡುತ್ತಿದ್ದೆ" ಎಂದರು. ಸೀತಾರಾಮನವರ ಮುಖಕ್ಕೆ ರಕ್ತ ವಾಪಸ್ ಬಂತು.

"ಹಾಗಾದರೆ ಪಾಸು?" ಎಂದಳು ಸುಮತಿ.

"ಅದು ಬೇರೆ ವಿಷಯ ಮೇಡಂ" ಎಂದರು ವಿಠಲರಾವ್ ಕುರ್ಚಿಯಲ್ಲಿ ಕೂರುತ್ತ. "ಅವಳು ಗಾರ್ಡಿಗೆ ಸುಳ್ಳು ಹೇಳಿದಳು. ಜಿರಳೆ ದೊಡ್ಡದಲ್ಲ, ಸುಳ್ಳು ದೊಡ್ಡದು. ಇವತ್ತು ಇದಕ್ಕೆ ಹೇಳಿದವಳು ನಾಳೆ ಬಂಗಾರಕ್ಕೆ ಹೇಳುತ್ತಾಳೆ. ಸೆಕ್ಯುರಿಟಿ ಇಷ್ಯೂ."

"ಅದು ನನಗೋಸ್ಕರ ಹೇಳಿದ ಸುಳ್ಳು!"

"ಅದೇ ಮೇಡಂ, ಯಾರಿಗೋಸ್ಕರವಾದರೂ ಹೇಳುತ್ತಾಳೆ ಅಂತಾಯಿತಲ್ಲ."

ನನಗೆ ತಡೆಯಲಾಗಲಿಲ್ಲ. "ಸ್ವಾಮಿ, ಅವಳು ಜಿರಳೆಯನ್ನು ಹೊರಗೆ ಒಯ್ಯುತ್ತಿದ್ದಳು. ನಿಮ್ಮ ಗಾರ್ಡು ಒಳಗೆ ಬಿಟ್ಟ. ಯಾರ ಪಾಸು ಕೀಳಬೇಕು?" ಎಂದು ಕೂಗಿದೆ. ಎಲ್ಲರೂ ನಕ್ಕರು, ತಮಾಷೆ ಎಂದುಕೊಂಡರು. ಕೈ ಎತ್ತಿಸಿದರು. ನಮ್ಮ ಕಡೆ ಎದ್ದ ಕೈ ನನ್ನದು, ಸುಮತಿಯದು, ಮತ್ತೆ ಏನು ನಡೆಯುತ್ತಿದೆ ಎಂದು ತಿಳಿಯದೆ ಎತ್ತಿದ ಒಬ್ಬ ಅಜ್ಜನದು. ಖಜಾಂಚಿಯ ಕೈ ಖಜಾಂಚಿಯ ತೊಡೆಯ ಮೇಲೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಗಾದೆಯಲ್ಲಿ ಕೇಳಿದ್ದೆ. ಎತ್ತಿಗೆ ಚಪ್ಪಾಳೆ ಹೊಡೆದು ಎಮ್ಮೆಗೆ ಬರೆ ಎಳೆಯುವುದು ಗ್ರಾನೈಟ್ ಹಾಕಿದ ಕಡೆಯ ಪದ್ಧತಿ ಇರಬೇಕು.

ಆ ವಾರ ಸುಮತಿ ಮಗಳಿಗೆ ಇನ್ನೂ ಹಟದಿಂದ ಪಾಠ ಹೇಳಿದಳು. ಪಕ್ಕಾ ಮೂವತ್ತು ಬರಲಿ, ಆಮೇಲೆ ಒಬ್ಬೊಬ್ಬರ ಮನೆಗೂ ಹೋಗಿ ಸಹಿ ಹಾಕಿಸಿ ಪಾಸು ವಾಪಸ್ ಕೊಡಿಸುತ್ತೇನೆ ಎನ್ನುತ್ತಿದ್ದಳು. ಅಷ್ಟು ದೊಡ್ಡ ಅನ್ಯಾಯಕ್ಕೆ ಒಂದು ಫಲವಾದರೂ ಸಿಗಬೇಕಲ್ಲ ಎಂದು ಅವಳ ಲೆಕ್ಕ.

ಪ್ರಾಕ್ಟಿಕಲ್ ದಿನ ಮಧುರಾ ಮಧ್ಯಾಹ್ನಕ್ಕೇ ಮನೆಗೆ ಬಂದಳು. ನಾನು ಅಲ್ಲೇ ಇದ್ದೆ. ಸುಮತಿ ಬಾಗಿಲಲ್ಲೇ ಹಿಡಿದುಕೊಂಡು, "ಏನು ಬಂತು? ಜಿರಳೆ ಬಂತಾ? ಕರುಳು ತುಂಡಾಗಲಿಲ್ಲ ತಾನೆ?" ಎಂದಳು.

ಮಧುರಾ ಚಪ್ಪಲಿ ಬಿಡದೆ ನಿಂತಿದ್ದಳು. "ಟ್ರೇನೇ ಕೊಡ್ಲಿಲ್ಲಮ್ಮ. ಹೋದ ವರ್ಷ ಕಟ್ ಮಾಡಿಟ್ಟಿದ್ದು ಒಂದು ಬಾಟಲಿಯಲ್ಲಿತ್ತು. ಎಲ್ಲರೂ ಸಾಲಾಗಿ ನೋಡ್ಕೊಂಡು ಹೋಗಿ ಚಿತ್ರ ಬರೀರಿ ಅಂದ್ರು. ನಾನು ಕಟ್ ಮಾಡಿ ತೋರಿಸ್ಲಾ ಸರ್ ಅಂದೆ. ಎಕ್ಸ್‌ಟರ್ನಲ್ ನಕ್ಕುಬಿಟ್ರು. ಕೈ ಯಾಕಮ್ಮಾ ಗಲೀಜು ಮಾಡ್ಕೋತೀಯ, ಮೂವತ್ತು ಹಾಕಾಗಿದೆ ಅಂದ್ರು. ಆಮೇಲೆ ಬಿರಿಯಾನಿ ಬಂತು." ಹೇಳುತ್ತ ಹೇಳುತ್ತ ಹುಡುಗಿ ಅತ್ತುಬಿಟ್ಟಳು. ಮೂವತ್ತಕ್ಕೆ ಮೂವತ್ತು ಬಂದು ಅತ್ತ ಮಗು ಇಡೀ ದಿಲ್‌ಸುಖ್‌ನಗರದಲ್ಲಿ ಇವಳೊಬ್ಬಳೇ ಇದ್ದಿರಬೇಕು.

ಸುಮತಿ ಅಳಲಿಲ್ಲ. ಮಗಳಿಗೆ ಊಟ ಬಡಿಸಿ, "ಕುಮುದಾ, ಬನ್ನಿ" ಎಂದು ಹೊರಟಳು. ಗೇಟಿನ ಆಚೆ ಏಳುತ್ತಿದ್ದ ಆ ಕಟ್ಟಡದ ಕಡೆ ನಾವಿಬ್ಬರೂ ಎಂದೂ ಕಾಲಿಟ್ಟಿರಲಿಲ್ಲ. ಕಲ್ಲುಪುಡಿ, ಕಬ್ಬಿಣದ ಸರಳು, ತಗಡಿನ ಶೆಡ್ಡುಗಳು. ಬೂದೆಪ್ಪ ನಮ್ಮನ್ನು ಕಂಡು ಮೇಲೆ ಕೈ ತೋರಿಸಿದ. ಸೀರೆಯ ಮೇಲೆ ಗಂಡಸಿನ ಹಳೆ ಅಂಗಿ ತೊಟ್ಟು, ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಂಡ ಬಂಡೆಮ್ಮ ಹಲಗೆ ಹಾಸಿದ ಇಳಿಜಾರಿನಲ್ಲಿ ಖಾಲಿ ಬುಟ್ಟಿ ಹಿಡಿದು ಇಳಿದು ಬರುತ್ತಿದ್ದಳು. ಒಂದೊಂದು ಹೆಜ್ಜೆಗೂ ನಿಂತು ಸೊಂಟ ಹಿಡಿದುಕೊಳ್ಳುತ್ತಿದ್ದಳು. ಹತ್ತಿರ ಬಂದಾಗ ಮುಖದ ಬೆವರಿನ ಮೇಲೆ ಸಿಮೆಂಟು ಮೆತ್ತಿಕೊಂಡಿತ್ತು.

ಸುಮತಿ ಅವಳ ಎರಡೂ ಕೈ ಹಿಡಿದುಕೊಂಡಳು. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು. ಅದಕ್ಕೆ ಬಂಡೆಮ್ಮ ಅವಕಾಶವನ್ನೇ ಕೊಡಲಿಲ್ಲ.

"ಇವತ್ತ ಪರೀಕ್ಷಿ ಇತ್ತಲ್ರಿ ಅಕ್ಕೋರೆ? ನಸುಕಿನ್ಯಾಗ ಎದ್ದು ದೇವರಿಗಿ ಊದಿನಕಡ್ಡಿ ಹಚ್ಚೀನಿ. ಪಾಪುಗ ಜಿರ್ಲಿ ಬಂತೇನ್ರಿ?"

ನಾನು ಸುಮತಿಯ ಮುಖ ನೋಡಿದೆ. ಒಂದು ಸಭೆಯ ಮುಂದೆ ತಡವರಿಸುತ್ತ ನಿಜ ಹೇಳಿದ ಹೆಂಗಸು ಅವಳು.

"ಬಂತು ಬಂಡೆಮ್ಮ" ಎಂದಳು ಸುಮತಿ. "ಅದೇ ಬಂತು. ನೀನು ತಂದುಕೊಟ್ಟಿರಲಿಲ್ಲ ಅಂದ್ರೆ ಅವಳು ಫೇಲ್ ಆಗ್ತಿದ್ದಳು."

ಬಂಡೆಮ್ಮನ ಮುಖ ಅರಳಿತು. ಮೇಲಿನಿಂದ ಮೇಸ್ತ್ರಿ ಅವಳ ಹೆಸರು ಹಿಡಿದು ಕೂಗಿದ. ಅವಳು ಸಿಂಬಿ ಸರಿಮಾಡಿಕೊಂಡು, ತುಂಬಿಟ್ಟಿದ್ದ ಬುಟ್ಟಿಯ ಮುಂದೆ ಮೆಲ್ಲಗೆ ಕುಕ್ಕರುಗಾಲಿನಲ್ಲಿ ಕೂತಳು.

"ಹಂಗಾದ್ರ ನನ್ನ ಪಾಸು ದಂಡ ಆಗ್ಲಿಲ್ಲ ಬಿಡ್ರಿ" ಎಂದು ನಕ್ಕು, "ಒಂದೀಟು ಕೈ ಹಚ್ರಿ ಅಕ್ಕೋರೆ" ಎಂದಳು. ಸುಮತಿಯೂ ನಾನೂ ಆಚೆ ಈಚೆ ಹಿಡಿದು ಬುಟ್ಟಿಯನ್ನು ಎತ್ತಿ ಅವಳ ತಲೆಯ ಮೇಲಿಟ್ಟೆವು.